ಪಟ್ಟಾಯದ ಒಂದು ಸಂಜೆ ಮತ್ತು ನನ್ನ ಕೆಲವು ಆಕ್ಷೇಪಣೆಗಳು



ಕಳೆದ ತಿಂಗಳು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಏರ್ಪಡಿಸಿದ್ದ ಗುರುವಂದನಾ ಕಾರ್ಯಕ್ರಮಕ್ಕೆ ನಾನೂ ನನ್ನ ಪತ್ನಿಯೂ ಹೋಗಿದ್ದೆವು. ಹಾರ, ಶಾಲು, ಫಲತಾಂಬೂಲಗಳೆಲ್ಲ ಮುಗಿದು ಊಟದ ಪಂಕ್ತಿಯಲ್ಲಿ ಕುಳಿತಿದ್ದಾಗ ಎದುರು ಸಾಲಿನಿಂದ ಒಬ್ಬ, "ಸಾರ್, ನೀವೂ ಪಟ್ಟಾಯ ನೋಡಿಕೊಂಡು ಬಂದಿದ್ದೀರಂತೆ?" ಎಂದು ಕೇಳಿದ. ಆ 'ನೀವೂ' ಎಂಬುದರ ಮೇಲೆ ಅವನು ಹಾಕಿದ ಒತ್ತು ಅಕ್ಕಪಕ್ಕದವರಿಗೆಲ್ಲ ಅರ್ಥವಾಯಿತು. ನಾಲ್ಕಾರು ಮಂದಿ ತಲೆ ತಗ್ಗಿಸಿ ಪಾಯಸದ ದೊನ್ನೆ ನೋಡುತ್ತ ನಕ್ಕರು. ನಾನು, "ಹೌದಪ್ಪ, ಹೋಗಿದ್ದೆ. ನಿಮ್ಮ ಮೇಡಂ ಕೂಡ ಬಂದಿದ್ದರು" ಎಂದೆ. ನಗು ನಿಂತಿತು. ಆದರೆ ಆ ಮಾತು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಹೋಗಿದ್ದು ನಿಜ, ನೋಡಿದ್ದೂ ನಿಜ. ನೋಡಿ ಬಂದ ಮೇಲೆ ಬಾಯಿ ಮುಚ್ಚಿಕೊಂಡು ಕುಳಿತದ್ದು ನನ್ನ ತಪ್ಪು. ಇಷ್ಟು ವರ್ಷ ತಡವಾಗಿಯಾದರೂ ಆ ಸಂಜೆಯ ಬಗ್ಗೆ ನನ್ನ ಅಭಿಪ್ರಾಯವನ್ನು ಇಲ್ಲಿ ದಾಖಲಿಸಬೇಕೆನಿಸಿದೆ.

ನಾನು ನಿವೃತ್ತನಾದದ್ದು 2017ರಲ್ಲಿ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಗೋಡೆಗೆ ನೇತುಹಾಕಿದ ಭೂಪಟದ ಮೇಲೆ ಕೋಲಿಟ್ಟು ದೇಶಗಳನ್ನು ತೋರಿಸಿದವನು ಒಂದು ದೇಶವನ್ನೂ ಕಾಲಿಟ್ಟು ನೋಡಿರಲಿಲ್ಲ. 2019ರ ಜನವರಿಯಲ್ಲಿ ನಮ್ಮ ಊರಿನಿಂದ ಮೂವತ್ತನಾಲ್ಕು ಜನರ ತಂಡವೊಂದು ಥಾಯ್ಲೆಂಡಿಗೆ ಹೊರಟಿತು. ಅದನ್ನು ಕೂಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಚೆನ್ನಾಗಿ ಬಾಳುತ್ತಿರುವವನು. "ಮೇಷ್ಟ್ರೇ, ನೀವು ಬರಲೇಬೇಕು, ಅಮ್ಮನವರ ಟಿಕೆಟ್ಟಿನ ಹಣ ನಾನು ಕೊಡುತ್ತೇನೆ, ಗುರುದಕ್ಷಿಣೆ ಅಂತ ತಿಳಿದುಕೊಳ್ಳಿ" ಎಂದು ಬಲವಂತ ಮಾಡಿದ. ನಾನು ಒಪ್ಪಿದೆ. ಈ ಸಂಗತಿಯನ್ನು ಮುಂದಿನ ಮಾತಿಗೆ ಬೇಕೆಂದೇ ಹೇಳುತ್ತಿದ್ದೇನೆ, ದಯವಿಟ್ಟು ನೆನಪಿಟ್ಟುಕೊಳ್ಳಿ.

ನಾಲ್ಕು ರಾತ್ರಿ, ಐದು ಹಗಲಿನ ಪ್ರವಾಸ. ಬಣ್ಣದ ಹಸ್ತಪತ್ರದಲ್ಲಿ ದಿನವಹಿ ಕಾರ್ಯಕ್ರಮ ಅಚ್ಚಾಗಿತ್ತು. ಎರಡನೆಯ ದಿನದ ಕೊನೆಯ ಸಾಲು 'ಸಂಜೆ ಶಾಪಿಂಗ್ ಹಾಗೂ ನೈಟ್‌ಲೈಫ್' ಎಂದಿತ್ತು. ನನ್ನ ಪತ್ನಿ ಕನ್ನಡಕ ಏರಿಸಿಕೊಂಡು ಓದಿ, "ರೀ, ಶಾಪಿಂಗ್ ಸರಿ, ಈ ನೈಟ್‌ಲೈಫ್ ಅಂದರೆ ಏನು ತೋರಿಸುತ್ತಾರೆ?" ಎಂದು ಕೇಳಿದಳು. "ದೀಪಾಲಂಕಾರ ಏನಾದರೂ ಇರಬಹುದು, ಮೈಸೂರು ದಸರಾ ಥರ" ಎಂದುಬಿಟ್ಟೆ. ಅಷ್ಟೂ ತಿಳಿಯದವನೇನಲ್ಲ ನಾನು. ಆ ಪ್ರವಾಸದಲ್ಲಿ ನಾನು ಆಡಿದ ಮೊದಲ ಸುಳ್ಳು ಅದು, ವಿಮಾನ ಹತ್ತುವ ಮೊದಲೇ ಆಡಿದ್ದು.

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. 2006ರಲ್ಲಿ ಪ್ರಾರಂಭವಾದದ್ದು. ಆ ದೇಶದ ತುಂಬ ನಮಗೆ ಕಿವಿಪರಿಚಯದ ಹೆಸರುಗಳೇ. ಹಳೆಯ ರಾಜಧಾನಿ ಅಯುತ್ತಯಾ ನಮ್ಮ ಅಯೋಧ್ಯೆ. ಈಗಿನ ವಂಶದ ಅರಸರೆಲ್ಲರಿಗೂ ರಾಮ ಎಂಬ ಬಿರುದು. ಅಲ್ಲಿನ ಜನ ಕೈಜೋಡಿಸಿ 'ಸವಾದ್ದೀ' ಎನ್ನುತ್ತಾರಲ್ಲ, ಅದು ಸಂಸ್ಕೃತದ 'ಸ್ವಸ್ತಿ' ಪದದಿಂದ ರೂಪಿಸಿಕೊಂಡದ್ದು. ನಮ್ಮ ಶಿಲಾಶಾಸನಗಳೆಷ್ಟೋ ಪ್ರಾರಂಭವಾಗುವುದು ಅದೇ ಮಾತಿನಿಂದ. ಬಸ್ಸಿನಲ್ಲಿ ಮೈಕು ಹಿಡಿದು ಇದನ್ನೆಲ್ಲ ವಿವರಿಸಿದಾಗ ಹಿಂದಿನ ಸೀಟಿನವರು ನಿದ್ದೆ ಮಾಡುತ್ತಿದ್ದರು. ತರಗತಿಯಲ್ಲೂ ಹಿಂದಿನ ಬೆಂಚು ಅದನ್ನೇ ಮಾಡುತ್ತಿದ್ದುದರಿಂದ ನನಗೆ ಬೇಸರವಾಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ದೋಣಿಯಲ್ಲಿ ಕೋ ಲಾನ್ ದ್ವೀಪಕ್ಕೆ ಕರೆದೊಯ್ದರು. ನೀರು ತಿಳಿಯಾಗಿತ್ತು, ಬಿಸಿಲು ಜೋರಾಗಿತ್ತು. ಅದರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಸಂಜೆ ಐದಕ್ಕೆ ಹೋಟೆಲಿನ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು. ಪ್ರವಾಸ ಸಂಸ್ಥೆಯ ವ್ಯವಸ್ಥಾಪಕನಾಗಿ ಬಂದಿದ್ದ ಹುಡುಗ ಬಹಳ ಚುರುಕು. ಹೆಂಗಸರೆಲ್ಲ ಸ್ಥಳೀಯ ಮಾರ್ಗದರ್ಶಕಿಯ ಜೊತೆ ಮಾರುಕಟ್ಟೆಗೆ ಹೋಗಿ, ಊಟ ಮುಗಿಸಿ, ಒಂಬತ್ತಕ್ಕೆ ಕೊಠಡಿಗೆ ಮರಳುವುದೆಂದೂ ಗಂಡಸರು ಬೇಕಾದರೆ ತನ್ನ ಜೊತೆ 'ಸ್ವಲ್ಪ ಊರು ಸುತ್ತಿ' ಬರಬಹುದೆಂದೂ ಹೇಳಿದ. ಹೆಂಗಸರ ಮುಂದೆ ಇಷ್ಟೇ. ಲಿಫ್ಟಿನ ಮೂಲೆಯಲ್ಲಿ ಗಂಡಸರನ್ನು ಪ್ರತ್ಯೇಕವಾಗಿ ನಿಲ್ಲಿಸಿಕೊಂಡು ತಲೆಗೆ ಇಷ್ಟು ಬಾತ್ ಎಂದು ಹಣ ಎತ್ತತೊಡಗಿದ. (ಅಲ್ಲಿನ ನಾಣ್ಯದ ಹೆಸರು ಬಾತ್. ಆಗ ಒಂದು ಬಾತ್‌ಗೆ ಸುಮಾರು ಎರಡೂಕಾಲು ರೂಪಾಯಿ. ನಮ್ಮ ತಂಡದವರು ಐದು ದಿನವೂ ಬಿಸಿಬೇಳೆ ಸೇರಿಸಿಯೇ ಅದನ್ನು ಹೇಳುತ್ತಿದ್ದರು.) ಹಣ ಎಣಿಸಿ ಕೊಟ್ಟವರಲ್ಲಿ ಅಜ್ಜಂದಿರಿದ್ದರು, ಮಗಳ ಮದುವೆಗೆ ನನಗೆ ಲಗ್ನಪತ್ರಿಕೆ ಕೊಟ್ಟವರಿದ್ದರು. ನನ್ನ ಬಳಿ ಬಂದಾಗ ಆ ಹುಡುಗ ಸುಮ್ಮನೆ ನಕ್ಕು ಮುಂದೆ ಹೋದ. ನಾನು ಏನೂ ಹೇಳಲಿಲ್ಲ. ಹೇಳಬೇಕಾಗಿತ್ತು. ಗುರುದಕ್ಷಿಣೆಯ ಟಿಕೆಟ್ಟು ನನ್ನ ನಾಲಿಗೆಯ ಮೇಲೆ ಕುಳಿತಿತ್ತು.

ಮಾರುಕಟ್ಟೆಗೆ ನಾನೂ ಹೆಂಗಸರ ಜೊತೆಯಲ್ಲೇ ಹೋದೆ. ಆನೆಯ ಚಿತ್ರವಿರುವ ಪೈಜಾಮಗಳು, ಹುಲಿಯ ಗುರುತಿನ ಮುಲಾಮು, ಒಣಗಿಸಿದ ಮಾವಿನಹಣ್ಣು, ಮೂಗಿಗೆ ಹಿಡಿಯುವ ಸಣ್ಣ ಕೊಳವೆ ಇಂಥವೇ ಸಾಲುಸಾಲು ಅಂಗಡಿಗಳಲ್ಲಿ. ಅಂಗಡಿಯಾಕೆಗೆ ನಮ್ಮ ಭಾಷೆ ಬಾರದು, ನನ್ನ ಪತ್ನಿಗೆ ಅವಳದು ಬಾರದು. ನಡುವೆ ಒಂದು ಕ್ಯಾಲ್ಕುಲೇಟರ್. ಅವಳು 250 ಎಂದು ಒತ್ತಿ ತೋರಿಸಿದಳು. ಇವಳು ಅದನ್ನು ಅಳಿಸಿ 100 ಎಂದು ಒತ್ತಿದಳು. ಅವಳು ಎದೆಗೆ ಕೈಯಿಟ್ಟುಕೊಂಡು ಗಾಯವಾದವಳಂತೆ ನಟಿಸಿ 220 ಎಂದಳು. ಹೀಗೆ ಯಂತ್ರ ಅತ್ತಿಂದಿತ್ತ ಏಳೆಂಟು ಬಾರಿ ಓಡಾಡಿ 140ಕ್ಕೆ ನಿಂತಿತು. ಇಬ್ಬರೂ ನಕ್ಕರು. ನಮ್ಮ ಊರಿನ ಸಂತೆಯಲ್ಲಿ ಸೊಪ್ಪಿನವಳ ಜೊತೆ ನಡೆಯುವ ವ್ಯವಹಾರವೇ ಇದು, ಮಾತು ಮಾತ್ರ ಇಲ್ಲ. ಆದರೆ ನಮ್ಮವರೇ ಇನ್ನು ಕೆಲವರು ಐದು ಬಾತ್‌ಗಾಗಿ ಅರ್ಧ ಗಂಟೆ ಜಗ್ಗಾಡಿ, ಗಂಟು ಬಿಚ್ಚಿದ ಸರಕನ್ನೆಲ್ಲ ಹಾಗೆಯೇ ಬಿಟ್ಟು, "ಇಂಡಿಯಾದಲ್ಲಿ ಇದಕ್ಕಿಂತ ಅಗ್ಗ" ಎಂದು ಎದ್ದುಹೋದದ್ದನ್ನೂ ನೋಡಿದೆ. ನಾವು ಹೋದ ಮೇಲೆ ಆ ಅಂಗಡಿಯಾಕೆ ಒಂದೊಂದನ್ನೇ ಮತ್ತೆ ಮಡಿಸುತ್ತಿದ್ದಳು. ಮರುದಿನ ನಮ್ಮನ್ನು ಅದೇ ಬಸ್ಸಿನಲ್ಲಿ ಒಂದು ದೊಡ್ಡ ರತ್ನದಂಗಡಿಗೆ ಕರೆದೊಯ್ದು ಎರಡು ಗಂಟೆ ಒಳಗೇ ಇರಿಸಿಕೊಂಡಾಗ, ಆ ಚೌಕಾಸಿ ವೀರರೆಲ್ಲ ಮೊದಲು ಹೇಳಿದ ಬೆಲೆಗೇ ನೀಲದ ಉಂಗುರ ಕೊಂಡು ಹೊರಬಂದರು. ಬಡವಳ ಅಂಗಡಿಯಲ್ಲಿ ಐದು ಬಾತ್ ಉಳಿಸಿ ಹವಾನಿಯಂತ್ರಿತ ಅಂಗಡಿಯಲ್ಲಿ ಐದು ಸಾವಿರ ಕಳೆಯುವ ಜಾಣತನ ನಮ್ಮದು. ಗುಂಪು ಪ್ರವಾಸಗಳಲ್ಲಿ ಇಂತಹ ಅಂಗಡಿಗಳಿಗೆ ಕರೆದೊಯ್ಯುವವರಿಗೆ ಕಮಿಷನ್ ಸಿಗುವುದು ಗುಟ್ಟಿನ ವಿಷಯವೇನಲ್ಲ.

ಅಲ್ಲಿ ಎಳನೀರಿನ ಕಾಯಿಯನ್ನು ಬೆಳ್ಳಗೆ ಹೆರೆದು, ತಳ ಚಪ್ಪಟೆ ಮಾಡಿ, ಮೇಲೆ ಗೋಪುರದಂತೆ ಕೆತ್ತಿ ಮಂಜುಗಡ್ಡೆಯಲ್ಲಿಟ್ಟು ಮಾರುತ್ತಾರೆ. ಬಗ್ಗಿ ನೋಡಿದ ನಮ್ಮ ಕೊಬ್ಬರಿ ವರ್ತಕರೆಲ್ಲ ದರ ಕೇಳಿ, ರೂಪಾಯಿಗೆ ಗುಣಿಸಿ, ತಮ್ಮ ತೋಟದ ಮರಗಳನ್ನು ಮನಸ್ಸಿನಲ್ಲೇ ಎಣಿಸಿಕೊಂಡು ನಿಟ್ಟುಸಿರಿಟ್ಟರು.

ಊಟವಾದ ಮೇಲೆ ನನ್ನ ಪತ್ನಿ, "ನೀವು ಗಂಡಸರ ಜೊತೆ ಹೋಗುವುದಿಲ್ಲವೇ?" ಎಂದಳು. "ಇಲ್ಲ" ಎಂದೆ. "ಹಾಗಾದರೆ ನಾವಿಬ್ಬರೂ ಹೋಗೋಣ. ಕಾಗದದಲ್ಲಿ ಅಚ್ಚು ಹಾಕಿದ್ದಾರೆ, ಹಣ ಕೊಟ್ಟಿದ್ದೇವೆ. ಗಂಡಸರು ನೋಡಬಹುದಾದದ್ದನ್ನು ನಾನು ಏಕೆ ನೋಡಬಾರದು?" ಎಂದಳು. ನಾನು ತಡವರಿಸಿದೆ. ಅವಳಿಗೆ ನನ್ನ ದೀಪಾಲಂಕಾರದ ಕಥೆ ಸುಳ್ಳೆಂದು ಯಾವಾಗಲೋ ಗೊತ್ತಾಗಿತ್ತಂತೆ. ನಮ್ಮ ಜೊತೆ ನಿವೃತ್ತ ಅಂಚೆ ಅಧಿಕಾರಿ ದಂಪತಿಗಳೂ ಹೊರಟರು. ಹಿಂಬದಿಯಲ್ಲಿ ಎದುರುಬದುರು ಎರಡು ಬೆಂಚುಗಳಿರುವ ನೀಲಿ ಬಣ್ಣದ ಸಣ್ಣ ಗಾಡಿಗಳು ಸಮುದ್ರದ ರಸ್ತೆಯಲ್ಲಿ ಓಡಾಡುತ್ತವೆ. 'ಸೊಂಗ್‌ಥೇವ್' ಎಂದು ಹೆಸರು, ಎರಡು ಸಾಲು ಎಂದು ಅರ್ಥ. ತಲೆಗೆ ಹತ್ತು ಬಾತ್ ಕೊಟ್ಟು ಇಳಿದೆವು.

ಸಮುದ್ರದ ರಸ್ತೆಯ ದಕ್ಷಿಣ ತುದಿಯಲ್ಲಿ, ಸಂಜೆಯಾಗುತ್ತಲೇ ವಾಹನ ನಿಲ್ಲಿಸಿ ನಡೆಯುವವರಿಗಷ್ಟೇ ಬಿಡುವ ಬೀದಿಯದು. ಹೆಸರೇ ವಾಕಿಂಗ್ ಸ್ಟ್ರೀಟ್. ಎರಡೂ ಕಡೆ ಉರಿಯುವ ಫಲಕಗಳು. ಥಾಯ್, ಇಂಗ್ಲಿಷ್, ರಷ್ಯನ್, ಚೀನೀ, ಅರಬ್ಬೀ ಲಿಪಿಗಳು. ಹಿಂದಿ ಹಾಡು ಹಾಕಿ ನಮ್ಮವರನ್ನು ಕರೆಯುವ ಕುಣಿತದ ಮನೆಗಳೂ ಇದ್ದವು. ಒಂದು ಬಾಗಿಲ ಸದ್ದು ಮತ್ತೊಂದರ ಸದ್ದಿಗೆ ಡಿಕ್ಕಿ ಹೊಡೆದು ಎದೆಯೊಳಗೆ ಗುದ್ದಿದಂತಾಗುತ್ತಿತ್ತು. ಪ್ರತಿ ಬಾಗಿಲಲ್ಲೂ ನಾಲ್ಕು, ಆರು, ಹತ್ತು ಹೆಣ್ಣುಮಕ್ಕಳು. ಬಿಯರಿನ ದರ ಬರೆದ ಹಲಗೆ ಹಿಡಿದುಕೊಂಡು ನಿಂತಿದ್ದರು. ಕೆಲವರ ಉಡುಪಿಗೆ ಸಂಖ್ಯೆಯ ಬಿಲ್ಲೆ. ನಾನೂ ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದು ಮಕ್ಕಳನ್ನು ಸಂಖ್ಯೆಯಿಂದಲೇ ಕರೆದವನು. ಒಂದು, ಎರಡು, ಮೂರು ಎಂದು ಕರೆದಾಗ 'ಯಸ್ ಸಾರ್' ಎನ್ನುತ್ತಿದ್ದ ಹತ್ತನೆಯ ತರಗತಿಯ ಹುಡುಗಿಯರಿಗಿಂತ ಇವರಲ್ಲಿ ಕೆಲವರು ಐದಾರು ವರ್ಷ ದೊಡ್ಡವರಿದ್ದಿರಬಹುದು. ನಾವು ಹಾದುಹೋಗುವಾಗ ಅವರು ಕೈಜೋಡಿಸಿ 'ಸವಾದ್ದೀ ಖಾ' ಎನ್ನುತ್ತಿದ್ದರು. ಬಸ್ಸಿನಲ್ಲಿ ನಾನು ಮೈಕು ಹಿಡಿದು ವ್ಯಾಖ್ಯಾನಿಸಿದ್ದ ಅದೇ ಪದ.

ಈಗ ನನ್ನ ತಪ್ಪಿನ ಮಾತು. ಆ ಬೆಳಕು, ಆ ಜನಜಂಗುಳಿ ನೋಡಿ ನಾನು ಮೊಬೈಲು ತೆಗೆದು ಒಂದು ಬಾಗಿಲಿನ ಚಿತ್ರ ಹಿಡಿಯಲು ಹೋದೆ. ಒಬ್ಬಳು ಥಟ್ಟನೆ ಅಂಗೈಯಿಂದ ಮುಖ ಮುಚ್ಚಿಕೊಂಡು ಇನ್ನೊಂದು ಕೈಯ ಬೆರಳಾಡಿಸಿ, "ನೋ ಫೋಟೋ, ಪಾಪಾ" ಎಂದಳು. ವಯಸ್ಸಾದ ಗಂಡಸರನ್ನು ಅಲ್ಲಿ ಹಾಗೆ ಕರೆಯುತ್ತಾರಂತೆ. ಕನ್ನಡದ ಕಿವಿಗೆ ಅದು ಬೇರೆಯೇ ಆಗಿ ಕೇಳಿಸಿತು. ನಾನು ಮೊಬೈಲು ಜೇಬಿಗೆ ಹಾಕಿದೆ. ನನ್ನ ಪತ್ನಿ ಅವಳ ಕಡೆ ತಿರುಗಿ ಕ್ಷಮೆ ಕೇಳುವಂತೆ ಕೈಮುಗಿದಳು. ಅವಳೂ ಮುಗಿದಳು. ಅಷ್ಟೇ.

ಸ್ವಲ್ಪ ಮುಂದೆ, ಒಂದು ಬಾಗಿಲ ಮುಂದೆ ನಮ್ಮ ತಂಡದ ಎಂಟು ಹತ್ತು ಗಂಡಸರು ಗುಂಪಾಗಿ ನಿಂತಿದ್ದರು. ವ್ಯವಸ್ಥಾಪಕ ಹುಡುಗ ಬಾಗಿಲಿನವನ ಜೊತೆ ಲೆಕ್ಕ ಮಾತಾಡುತ್ತಿದ್ದ. ನನ್ನ ಶಿಷ್ಯ ಮೊದಲು ನನ್ನನ್ನು ನೋಡಿದ. ಆಮೇಲೆ ಪಕ್ಕದಲ್ಲಿದ್ದ ಅಮ್ಮನವರನ್ನು ನೋಡಿದ. ಐವತ್ತು ದಾಟಿದ ಆ ಮನುಷ್ಯ ಬೆರಳಿನ ನಡುವಿನ ಸಿಗರೇಟನ್ನು ಹಿಂದೆ ಬಚ್ಚಿಟ್ಟುಕೊಂಡು ನೆಟ್ಟಗೆ ನಿಂತುಬಿಟ್ಟ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸಾರ್, ಸುಮ್ಮನೆ ನೋಡೋದಕ್ಕೆ..." ಎಂದ. "ನಾವೂ ಸುಮ್ಮನೆ ನೋಡುವುದಕ್ಕೇ ಬಂದೆವಪ್ಪ" ಎಂದೆ. ನನ್ನ ಪತ್ನಿ ಮಾತ್ರ ಏನೂ ಆಗದವಳಂತೆ, "ಬನ್ನಿ, ಆ ತುದಿಯಲ್ಲಿ ಎಳನೀರು ಮಾರುತ್ತಿದ್ದಾನೆ, ಎಲ್ಲರೂ ಕುಡಿಯೋಣ" ಎಂದಳು. ಮೂವರು ಬಂದರು. ಉಳಿದವರು ಬರಲಿಲ್ಲ. ಬಂದ ಮೂವರಲ್ಲಿ ನನ್ನ ಶಿಷ್ಯನಿದ್ದನೇ ಇಲ್ಲವೇ ಎಂಬುದನ್ನು ನಾನು ಬರೆಯುವುದಿಲ್ಲ. ಅವನು ಈ ಬರಹ ಓದುತ್ತಾನೆ.

ಮರುದಿನ ಬಸ್ಸಿನಲ್ಲಿ ಕೇಳಿಬಂದ ಮಾತುಗಳು ನನ್ನನ್ನು ಆ ರಾತ್ರಿಗಿಂತ ಹೆಚ್ಚು ಕದಡಿದವು. "ಅವರ ಸಂಸ್ಕೃತಿಯೇ ಹಾಗೆ ಸಾರ್, ಅವರಿಗೆ ಅದು ತಪ್ಪಲ್ಲ" ಎಂದರು ಒಬ್ಬರು. ಸಮಾಜ ವಿಜ್ಞಾನ ಬೋಧಿಸಿದವನಾಗಿ ನನ್ನ ಮೊದಲ ಆಕ್ಷೇಪಣೆ ಈ ಮಾತಿಗೆ. ಪಟ್ಟಾಯ ಎಂಬುದು ಅರವತ್ತೈದು ವರ್ಷಗಳ ಹಿಂದೆ ಮೀನುಗಾರರ ಹಳ್ಳಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರು ರಜೆಯ ಮೋಜಿಗೆ ಅಲ್ಲಿಗೆ ಬರತೊಡಗಿದರು. ಹಾಗೆ ಸೈನಿಕರನ್ನು ವಿಶ್ರಾಂತಿಗಾಗಿ ಕಳುಹಿಸುವ ಬಗ್ಗೆ 1967ರಲ್ಲಿ ಎರಡು ಸರ್ಕಾರಗಳ ನಡುವೆ ಒಪ್ಪಂದವೇ ಆಯಿತು. ಪಟ್ಟಾಯದಿಂದ ಸುಮಾರು 40 ಕಿಲೋಮೀಟರ್ ದೂರದ ಊ-ತಪಾವ್ ನೆಲೆಯಿಂದ ಅದೇ ವರ್ಷ ಬಿ-52 ಬಾಂಬರುಗಳು ಹಾರಲಾರಂಭಿಸಿದವು. 1976ರ ಹೊತ್ತಿಗೆ ಸೇನೆ ಹೊರಟುಹೋಯಿತು. ಅದಕ್ಕಾಗಿ ಕಟ್ಟಿದ ಅಂಗಡಿ ಉಳಿಯಿತು. ಸೈನಿಕನ ಜಾಗಕ್ಕೆ ಪ್ರವಾಸಿ ಬಂದ. ಮೊದಲು ಯೂರೋಪಿನವನು, ಆಮೇಲೆ ರಷ್ಯನ್, ಚೀನೀ, ಈಗ ನಾವು. 2019ರಲ್ಲಿ ಆ ದೇಶಕ್ಕೆ ಹೋದ ವಿದೇಶೀಯರು ಸುಮಾರು ನಾಲ್ಕು ಕೋಟಿ, ಅವರಲ್ಲಿ ಭಾರತೀಯರೇ ಸುಮಾರು ಇಪ್ಪತ್ತು ಲಕ್ಷ. ಹೀಗಿರುವಾಗ 'ಅವರ ಸಂಸ್ಕೃತಿ' ಎಂದು ಬೆರಳು ತೋರಿಸುವವರು ಆ ಬೀದಿಯಲ್ಲಿ ಹಣ ಎಣಿಸುತ್ತಿದ್ದವರು ಯಾರೆಂದು ಒಮ್ಮೆ ನೆನೆಯಬೇಕು.

ಅಲ್ಲಿನ ಕಾನೂನಿನಲ್ಲೂ ವೇಶ್ಯಾವಾಟಿಕೆ ನಿಷಿದ್ಧವೇ. 1996ರ ಕಾಯಿದೆಯೇ ಇದೆ. ಆ ಬಾಗಿಲುಗಳಲ್ಲಿ ನಿಲ್ಲುವವರಲ್ಲಿ ಬಹಳ ಮಂದಿ ಈಸಾನ್ ಎಂಬ ಈಶಾನ್ಯ ಪ್ರಾಂತದಿಂದ ಬಂದವರು. ಹೆಸರೇ ಹೇಳುವಂತೆ ಅದು ದಿಕ್ಕಿನ ಹೆಸರು, ನಮ್ಮ ಈಶಾನ್ಯವೇ. ದೇಶದ ಸುಮಾರು ಮೂರನೆಯ ಒಂದು ಭಾಗ. ಮಳೆ ನಂಬಿ ಬತ್ತ ಬೆಳೆಯುವ, ಮಳೆ ಕೈಕೊಟ್ಟರೆ ಊರು ಬಿಡುವ ಸೀಮೆ. ಅಲ್ಲಿನ ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಸಾಕುತ್ತಾಳೆ, ಮಗಳು ಪಟ್ಟಣದಿಂದ ಹಣ ಕಳುಹಿಸುತ್ತಾಳೆ. ನಮ್ಮ ಬಯಲುಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸ್ಕೃತಿಯ ಮಾತು ಬಂದರೆ, ದೇವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದನ್ನು ನಿಲ್ಲಿಸಲು ನಮ್ಮ ಕರ್ನಾಟಕ 1982ರಲ್ಲಿ ಕಾಯಿದೆ ಮಾಡಬೇಕಾಯಿತೆಂಬುದನ್ನೂ ಮರೆಯದಿರೋಣ.

ಆ ದಿನ ಬೆಳಿಗ್ಗೆ ಬಸ್ಸು ಬರುವ ಮೊದಲು, ಆರು ಗಂಟೆಗೆ, ಹೋಟೆಲಿನ ಮುಂದೆ ಅಡ್ಡಾಡುತ್ತಿದ್ದೆ. ಕಾವಿ ಉಟ್ಟ ಬೌದ್ಧ ಭಿಕ್ಷುವೊಬ್ಬರು ಬರಿಗಾಲಿನಲ್ಲಿ ಪಾತ್ರೆ ಹಿಡಿದು ಬಂದರು. ರಾತ್ರಿಯ ಉಡುಪಿನ ಮೇಲೆ ಟವೆಲ್ಲಿನಂಥ ಬಟ್ಟೆ ಹೊದ್ದುಕೊಂಡಿದ್ದ ಇಬ್ಬರು ಹೆಂಗಸರು ಎತ್ತರದ ಚಪ್ಪಲಿ ಕಳಚಿಟ್ಟು, ರಸ್ತೆಯ ಅಂಚಿನಲ್ಲಿ ಮೊಣಕಾಲೂರಿ ಅನ್ನದ ಪೊಟ್ಟಣ ಹಾಕಿದರು. ಅವರು ಮಂತ್ರ ಹೇಳುವವರೆಗೂ ತಲೆ ಎತ್ತಲಿಲ್ಲ. ಇದೂ ಅವರ ಸಂಸ್ಕೃತಿಯೇ. ನಮ್ಮ ತಂಡದ ಮೂವತ್ತನಾಲ್ಕು ಜನರಲ್ಲಿ ಇದನ್ನು ನೋಡಿದವನು ನಾನೊಬ್ಬನೇ. ಹಸ್ತಪತ್ರದಲ್ಲಿ ಇದು ಅಚ್ಚಾಗಿರಲಿಲ್ಲ.

ಎರಡನೆಯ ಆಕ್ಷೇಪಣೆ, ನೋಡುವ ಬಗೆಗೆ. ಊರಿಗೆ ಬಂದ ವಾರದಲ್ಲಿ ತಂಡದ ವಾಟ್ಸಾಪ್ ಗುಂಪಿಗೆ ಯಾರೋ ಆ ರಾತ್ರಿಯ ಒಂದು ತುಣುಕು ವಿಡಿಯೋ ಹಾಕಿದರು. ಕುಣಿಯುತ್ತಿದ್ದ ಹುಡುಗಿಯ ಮುಖ ಸ್ಪಷ್ಟವಾಗಿತ್ತು. ಕೆಳಗೆ ನಗುವ ಮುಖಗಳ ಸಾಲು. ಹಾಕಿದವರು ಗಾಬರಿಯಿಂದ ಐದು ನಿಮಿಷದಲ್ಲಿ ಅಳಿಸಿದರು, ಅಷ್ಟರಲ್ಲಿ ಎಷ್ಟು ಕಡೆ ಹೋಯಿತೋ. ಅಳಿಸಿದ್ದು ಆ ಹುಡುಗಿಯ ಮಾನದ ಚಿಂತೆಯಿಂದಲ್ಲ. ಗುಂಪಿನಲ್ಲಿ ತಮ್ಮ ಹೆಂಡತಿಯೂ ಇದ್ದಾಳೆಂಬುದು ನೆನಪಾದದ್ದರಿಂದ. ನಾನು ಆ ಗುಂಪಿನಿಂದ ಹೊರಬಂದೆ. ಕಾರಣ ಬರೆಯಲಿಲ್ಲ. ಅದೂ ಒಂದು ಹೇಡಿತನವೇ.

ನನ್ನ ಶಿಷ್ಯ ಒಮ್ಮೆ ಫೋನಿನಲ್ಲಿ ನೇರವಾಗಿಯೇ ಕೇಳಿದ, "ಸಾರ್, ನಾವು ಯಾರೂ ಹೋಗದಿದ್ದರೆ ಆ ಹೆಂಗಸರ ಮನೆ ನಡೆಯುವುದು ಹೇಗೆ ಹೇಳಿ?" ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. 2020ರ ಮಾರ್ಚಿನಲ್ಲಿ ಕೊರೋನಾದಿಂದಾಗಿ ಆ ಬಾಗಿಲುಗಳೆಲ್ಲ ಮುಚ್ಚಿದಾಗ ಅವರು ಗಂಟುಮೂಟೆ ಕಟ್ಟಿಕೊಂಡು ಈಸಾನಿನ ಹಳ್ಳಿಗಳಿಗೆ ಮರಳಿದರೆಂದು ಓದಿ ನನಗೆ ಆ ಅಂಗೈಯ ಮುಖ ನೆನಪಾಯಿತು. ಮಾರಾಟವಿಲ್ಲದಿದ್ದರೆ ಅನ್ನವಿಲ್ಲ ಎಂಬ ಸ್ಥಿತಿಯನ್ನು ಉಪನ್ಯಾಸದಿಂದ ಸರಿಪಡಿಸಲಾಗದು. ಆದರೆ ಅನ್ನ ಕೊಡುತ್ತೇವೆಂದು ಹೇಳಿಕೊಳ್ಳುವವರು ಅವಳನ್ನು ಕೂಲಿ ಮಾಡುವ ಮನುಷ್ಯಳೆಂದು ಕಾಣುತ್ತಾರೆಯೇ? ನಮ್ಮ ಗದ್ದೆಗೆ ನಾಟಿಗೆ ಬರುವವಳ ವಿಡಿಯೋ ತೆಗೆದು ನಗುತ್ತೇವೆಯೇ?

ಬ್ಯಾಂಕಾಕಿನ ಪಟ್‌ಪೊಂಗ್ ಎಂಬ ಬೀದಿಯೂ ಇಂಥದ್ದೇ. ನಡುರಸ್ತೆಯಲ್ಲಿ ರಾತ್ರಿಸಂತೆ, ಎರಡು ಬದಿಯಲ್ಲಿ ಅವೇ ಬಾಗಿಲುಗಳು. ಅಲ್ಲಿ 1980ರ ದಶಕದ ನಡುವಿನಲ್ಲಿ 'ಎಂಪವರ್' ಎಂಬ ಸಂಸ್ಥೆಯೊಂದು ಹುಟ್ಟಿತು. ಅದನ್ನು ಪ್ರಾರಂಭಿಸಿದ ಚಂತವಿಪಾ ಅಪಿಸುಕ್ ಎಂಬ ಮಹಿಳೆ ಮೊದಲು ಮಾಡಿದ ಕೆಲಸವೇನು ಗೊತ್ತೇ? ಬಾರುಗಳಲ್ಲಿ ದುಡಿಯುವ ಹೆಂಗಸರಿಗೆ ಇಂಗ್ಲಿಷ್ ಪಾಠ. ಗಿರಾಕಿ ಏನು ಹೇಳುತ್ತಿದ್ದಾನೆಂದು ತಿಳಿಯಬೇಕು, 'ಬೇಡ' ಎನ್ನಲು ಬರಬೇಕು, ತನ್ನ ಲೆಕ್ಕ ತಾನೇ ಮಾತಾಡಬೇಕು. ಊರಿಗೆ ಬಂದ ಮೇಲೆ ಇದನ್ನು ಓದಿದಾಗ ಮೇಷ್ಟ್ರಾಗಿ ನನಗೆ ಒಂದು ಬಗೆಯ ಸಂತೋಷವೂ ನಾಚಿಕೆಯೂ ಆಯಿತು. ನನಗೆ ಆ ಬೀದಿಯಲ್ಲಿ ಬೇಕೆನಿಸಿದ್ದು ಒಂದು ಚಿತ್ರ. ಅವರಿಗೆ ಬೇಕಾಗಿದ್ದದ್ದು ಒಬ್ಬ ಮೇಷ್ಟ್ರು.

ಇನ್ನು ನನ್ನ ಮೂರನೆಯ ಆಕ್ಷೇಪಣೆ. ಇದು ಪ್ರವಾಸ ಸಂಸ್ಥೆಗಳಿಗಿಂತ ನಮಗೇ ಹೆಚ್ಚು ಅನ್ವಯಿಸುತ್ತದೆ. ಹೆಂಗಸರನ್ನು ಒಂಬತ್ತಕ್ಕೆ ಕೊಠಡಿಗೆ ಕಳುಹಿಸಿ ಗಂಡಸರನ್ನು ಬೇರೆ ಬಾಗಿಲಿಂದ ಹೊರಡಿಸುವ ಈ ಏರ್ಪಾಡು ಯಾರ ಒಪ್ಪಿಗೆಯಿಂದ ನಡೆಯುತ್ತದೆ? ಇಪ್ಪತ್ತು ವರ್ಷ ಸಂಸಾರ ಮಾಡಿದ, ತನ್ನ ಚೀಟಿಯ ಹಣ ಸೇರಿಸಿ ಈ ಪ್ರವಾಸಕ್ಕೆ ಕೊಟ್ಟ ಹೆಂಗಸಿಗೆ, ಗಂಡ ಎಲ್ಲಿಗೆ ಹೋಗುತ್ತಿದ್ದಾನೆಂಬುದನ್ನು ತಿಳಿಯುವ ಹಕ್ಕಿಲ್ಲವೇ? ಅಂದು ರಾತ್ರಿ ನಾವು ಮರಳಿದಾಗ ಮೂರನೆಯ ಅಂತಸ್ತಿನ ಮೊಗಸಾಲೆಯಲ್ಲಿ ನಾಲ್ಕೈದು ಹೆಂಗಸರು ನೈಟಿಯ ಮೇಲೆ ಶಾಲು ಹೊದ್ದು ಕುಳಿತಿದ್ದರು. ಕೊಂಡ ಸಾಮಾನುಗಳನ್ನು ಒಬ್ಬರಿಗೊಬ್ಬರು ತೋರಿಸುತ್ತಿದ್ದಂತೆ ಕಂಡರೂ ಲಿಫ್ಟಿನ ಸದ್ದಾದಾಗಲೆಲ್ಲ ಎಲ್ಲರ ಕತ್ತೂ ತಿರುಗುತ್ತಿತ್ತು. ನನ್ನ ಪತ್ನಿಯನ್ನು ಕಂಡು ಒಬ್ಬಾಕೆ, "ಅಲ್ಲಿ ಏನಿದೆ ಅಕ್ಕ?" ಎಂದು ಕೇಳಿದರು. ಇವಳು ಚಾಪೆಯ ಮೇಲೆ ಕೂರುವವಳಂತೆ ಅವರ ನಡುವೆ ನೆಲದ ಮೇಲೆಯೇ ಕುಳಿತು ಕಂಡದ್ದನ್ನು ಕಂಡಂತೆ ಹೇಳಿದಳು, ಹೆಚ್ಚಿಸದೆ, ಬಚ್ಚಿಡದೆ. ನನ್ನ ಕಣ್ಣೆದುರಿಗೇ ಅವರ ಮುಖಗಳು ಬದಲಾದವು. ಒಬ್ಬಾಕೆ ಎದ್ದು ಹೋಗಿ ಬಾಗಿಲು ಹಾಕಿಕೊಂಡರು. ಮರುದಿನ ಪೂರ್ತಿ ಅವರು ಗಂಡನ ಪಕ್ಕದ ಸೀಟಿನಲ್ಲಿ ಕೂರಲಿಲ್ಲ. "ನಿಮ್ಮ ಮನೆಯವರಿಂದ ನಮ್ಮ ಟೂರೇ ಹಾಳಾಯಿತು ಮೇಷ್ಟ್ರೇ" ಎಂದು ಆತ ಇಂದಿಗೂ ನನ್ನ ಬಳಿ ಮಾತನಾಡುವುದಿಲ್ಲ. ಹಾಳು ಮಾಡಿದವರು ಯಾರೆಂಬ ಬಗ್ಗೆ ನನ್ನ ಅಭಿಪ್ರಾಯವೇ ಬೇರೆ. ಊಟದ ಪಂಕ್ತಿಯಲ್ಲಿ ನಕ್ಕವರಿಗೂ ಇದು ತಿಳಿದಿರಲಿ.

ನೈಟ್‌ಲೈಫ್ ಎಂಬುದಕ್ಕೆ ಕನ್ನಡದಲ್ಲಿ ಪದವಿಲ್ಲ. 'ರಾತ್ರಿಜೀವನ' ಎಂದರೆ ಗೂಬೆಯ ವಿಷಯ ಹೇಳಿದಂತಾಗುತ್ತದೆ. ಹಾಗೆಂದು ನಮಗೆ ರಾತ್ರಿಯ ಸಂತೋಷ ಗೊತ್ತಿಲ್ಲದೆ ಇರಲಿಲ್ಲ. ಮೂಡಲಪಾಯದ ಬಯಲಾಟ ಬೆಳ್ಳಿ ಮೂಡುವವರೆಗೆ ನಡೆಯುತ್ತಿತ್ತು, ಜಾತ್ರೆಯಲ್ಲಿ ಟೂರಿಂಗ್ ಟಾಕೀಸಿನ ಎರಡನೇ ಆಟ ಇರುತ್ತಿತ್ತು. ಅಲ್ಲಿಯೂ ಹೆಂಡ ಕುಡಿದವರಿರುತ್ತಿದ್ದರು, ಇಸ್ಪೀಟಾಡುವವರಿರುತ್ತಿದ್ದರು, ಕಡ್ಲೇಪುರಿಯ ಅಂಗಡಿಯ ಹಿಂದೆ ಇನ್ನೇನೇನೋ ನಡೆಯುತ್ತಿತ್ತು. ನಮ್ಮ ಕಾಲ ಶುದ್ಧವಾಗಿತ್ತೆಂದು ನಾನು ಹೇಳಲು ಹೊರಟಿಲ್ಲ. ಆದರೆ ಆಟ ನೋಡಲು ಮನೆಮಂದಿಯೆಲ್ಲ ಒಂದೇ ಕಂಬಳಿಯ ಮೇಲೆ ಕೂರುತ್ತಿದ್ದರು.

ವಾಪಸು ಬರುವ ದಿನ ಸುವರ್ಣಭೂಮಿ ನಿಲ್ದಾಣದಲ್ಲಿ, ತಪಾಸಣೆ ಮುಗಿದ ಮೇಲೆ ಸಿಗುವ ದೊಡ್ಡ ಸಮುದ್ರಮಥನದ ಶಿಲ್ಪದ ಮುಂದೆ ಎಲ್ಲರೂ ಚಿತ್ರ ತೆಗೆಸಿಕೊಂಡೆವು. ವಾಸುಕಿಯ ಒಂದು ಕಡೆ ದೇವತೆಗಳು, ಒಂದು ಕಡೆ ಅಸುರರು. ನಮ್ಮ ತಂಡದವರು ಎರಡೂ ಕಡೆ ಹಂಚಿಕೊಂಡು ನಿಂತು ನಕ್ಕಿದ್ದಾರೆ. ಯಾರು ಯಾವ ಕಡೆ ಎಂದು ಯಾರೂ ನೋಡಿಕೊಂಡಿರಲಿಲ್ಲ. ಆ ಚಿತ್ರ ನಮ್ಮ ಮನೆಯ ಟೀವಿಯ ಪಕ್ಕದಲ್ಲಿದೆ.

ಮೊನ್ನೆ ನನ್ನ ಶಿಷ್ಯ ಮನೆಗೆ ಬಂದಿದ್ದ. ಮುಂದಿನ ಚಳಿಗಾಲಕ್ಕೆ ಮತ್ತೊಂದು ದೇಶಕ್ಕೆ ತಂಡ ಕಟ್ಟುತ್ತಿದ್ದಾನೆ. "ಮೇಷ್ಟ್ರೇ, ಅಮ್ಮಾವ್ರೇ, ಈ ಸಲವೂ ನೀವು ಬರಬೇಕು" ಎಂದು ಹಸ್ತಪತ್ರ ಕೊಟ್ಟ. ಟಿಕೆಟ್ಟಿನ ಹಣವನ್ನು ಈ ಸಲ ನಾವೇ ಕೊಡುತ್ತೇವೆಂದು ಮೊದಲೇ ಹೇಳಿದೆ. ನನ್ನ ಪತ್ನಿ ಕಾಫಿ ಲೋಟ ಇಟ್ಟು ಕನ್ನಡಕ ಏರಿಸಿಕೊಂಡು ಓದಿದಳು. ನಾಲ್ಕನೆಯ ದಿನದ ಕೊನೆಗೆ ಅದೇ ಸಾಲು, 'ಸಂಜೆ ಶಾಪಿಂಗ್ ಹಾಗೂ ನೈಟ್‌ಲೈಫ್'. ನನ್ನ ಮೇಜಿನ ಮೇಲಿಂದ ಕೆಂಪು ಪೆನ್ನು ತೆಗೆದು ಅದರ ಕೆಳಗೆ ಗೆರೆ ಎಳೆದು, "ಇಲ್ಲಿ ಏನೇನು ತೋರಿಸುತ್ತಾರೆ, ಎಷ್ಟು ಗಂಟೆಗೆ, ಎಷ್ಟು ಹಣ, ಹೆಂಗಸರಿಗೆ ಏನು, ಎಲ್ಲವನ್ನೂ ಬರೆಸಿಕೊಂಡು ಬಾಪ್ಪ. ಓದಿ ಆಮೇಲೆ ಹೇಳುತ್ತೇನೆ" ಎಂದಳು. ಅವನು ತಲೆ ಕೆರೆದುಕೊಂಡು, ಬೆಂಗಳೂರಿನ ಕಚೇರಿಯಲ್ಲಿ ವಿಚಾರಿಸಿ ತಿಳಿಸುತ್ತೇನೆಂದು ಹೋದ. ಎಂಟು ದಿನವಾಯಿತು, ಇನ್ನೂ ತಿಳಿಸಿಲ್ಲ.